ಕಾಲು ತಾಗದ ಕಡೆ

ಬಸವೇಶ್ವರನಗರ, ಬೆಂಗಳೂರು
19 ಜನವರಿ 2025

ಪ್ರೀತಿಯ ಹೇಮಾ,

ಹೇಗಿದ್ದೀಯ? ಕಿವಿಯ ಮೆಷಿನ್ನು ಈಗಲೂ ಸೀಟಿ ಹೊಡೆಯುತ್ತದೆಯೇ? ನಿನ್ನ ಮಗಳು ವಚನಾಳ ಸೊಂಟನೋವು ಇಳಿಯಿತೇ? ಅಳಿಯ ರೇವಂತ್ ಅವರ ಸಕ್ಕರೆ ಹತೋಟಿಯಲ್ಲಿದೆಯೇ, ಇಲ್ಲ ದಾವಣಗೆರೆಯ ಬೆಣ್ಣೆದೋಸೆ ಬಿಟ್ಟಿಲ್ಲವೋ? ಇಲ್ಲಿ ಚನ್ನವೀರೇಶ, ಸೊಸೆ ಕವನಾ, ನಾನು, ಮೂವರೂ ಸೌಖ್ಯ. ಚನ್ನು ಮಾಗಡಿ ರಸ್ತೆಯ ಅಂಗಡಿಯಲ್ಲಿ, ಕವನಾ ವಿಜಯನಗರದ ಲ್ಯಾಬಿನಲ್ಲಿ. ಹಗಲೆಲ್ಲ ಮನೆ ನನ್ನದೇ.

ಕೈ ಅಭ್ಯಾಸ ನೋಡು. ಮೊದಲು ‘ಚಿ.ಸೌ. ಹೇಮಶ್ರೀಗೆ’ ಎಂದು ಬರೆದುಬಿಟ್ಟೆ. ನಿನ್ನ ಯಜಮಾನರು ಗಿರಿರಾಜ್ ಹೋದ ಶ್ರಾವಣದಲ್ಲೇ ನಮ್ಮನ್ನು ಬಿಟ್ಟುಹೋದರೆಂದು ಮನಸ್ಸಿಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ. ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. “ಅಮ್ಮ, ಈ ಕಾಲದಲ್ಲಿ ಕಾಗದ ಬರೀತೀಯಲ್ಲ, ವಾಟ್ಸಾಪ್ ಮಾಡು” ಅಂತಾನೆ ಚನ್ನು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ವಾಟ್ಸಾಪನ್ನು ಮನೆಮಂದಿಯೆಲ್ಲ ಓದುತ್ತಾರೆ. ಕಾಗದವಾದರೆ ನಮ್ಮಿಬ್ಬರದೇ.

ನೀನು ದಾವಣಗೆರೆಗೆ ಹೋಗುವ ದಾರಿಯಲ್ಲಿ ಇಳಿಸಿಹೋದ ಎರಡೂ ತೂಗುಬುಟ್ಟಿ ಚೆನ್ನಾಗಿವೆ. ಬಾಲ್ಕನಿಯ ಕೊಕ್ಕೆಗಳಿಗೆ ಚನ್ನು ತೂಗುಹಾಕಿದ್ದಾನೆ. ಆ ಹೂವನ್ನು ಫ್ಯೂಷಿಯಾ ಅನ್ನೋಕೆ ನನ್ನ ನಾಲಿಗೆ ಹೊರಳುವುದಿಲ್ಲ, ನಾನು ಜುಮುಕಿ ಅಂತಲೇ ಕರೆಯುವುದು. ಬಳ್ಳಿ ಬುಟ್ಟಿಯ ಅಂಚು ದಾಟಿ ಮೊಳದುದ್ದ ಇಳಿದಿದೆ. ಬಿಳಿ ಎಸಳು ಹಿಂದಕ್ಕೆ ಮಡಚಿಕೊಂಡು, ಒಳಗೆ ನೇರಳೆ ಲಂಗ. ಕೆಳಗೆ ನಿಂತು ತಲೆಯೆತ್ತಿದರೆ ಯಾರದೋ ಮದುವೆಯ ಹೆಣ್ಣುಮಕ್ಕಳೆಲ್ಲ ಮಹಡಿಯಿಂದ ಬಗ್ಗಿ ನೋಡುತ್ತಿದ್ದಾರೆ ಅನ್ನಿಸುತ್ತದೆ.

ನೀವಿದ್ದ ಕೂನೂರಿನ ಕ್ವಾರ್ಟರ್ಸಿಗೆ ಬಂದ ಹೊಸಬರು ಉಳಿದ ಬುಟ್ಟಿಗಳನ್ನೆಲ್ಲ ಕಿತ್ತೆಸೆದರೆಂದು ನೀನು ಬರೆದಾಗಿನಿಂದ ನನಗೆ ದಿಗಿಲು. ಗಿರಿರಾಜ್ ತಾವೇ ಎರಡು ಜಾತಿ ಕೂಡಿಸಿ, ಬೀಜದಿಂದ ಎಬ್ಬಿಸಿದ ಗಿಡ. ಇಲ್ಲಿ ಹೋದರೆ ಇನ್ನೆಲ್ಲೂ ಇಲ್ಲ. ನನ್ನ ಕೈಲಿ ಹೋಗಲು ಬಿಡುವುದಿಲ್ಲ ಕಣೇ.

ಒಂದು ಅನುಕೂಲವೂ ಆಯಿತು. ಲಿಂಗಪೂಜೆಯ ನೀರನ್ನು ಕಾಲು ತಾಗದ ಕಡೆ ಚೆಲ್ಲಬೇಕೆಂದು ಅವ್ವ ಹೇಳಿಕೊಟ್ಟಿದ್ದು ನಿನಗೂ ನೆನಪಿರಬೇಕು. ಕಾರು ನಿಲ್ಲಿಸಲೆಂದು ಚನ್ನು ಸಂಪಿಗೆ ಮರ ಕಡಿಸಿ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ ಮೇಲೆ ಆ ನೀರು ಹಿಡಿದು ಎಲ್ಲಿಗೆ ಹೋಗಲಿ ಎಂದು ದಿನಾ ಒದ್ದಾಡುತ್ತಿದ್ದೆ. ಕವನಾ “ಕೊಡಿ ಅತ್ತೆ, ಪಾರ್ಕಿನ ಮರಕ್ಕೆ ಹಾಕಿ ಬರ್ತೀನಿ” ಅಂತಾಳೆ. ಒಳ್ಳೆಯ ಹುಡುಗಿ. ಆದರೆ ಹೆಗ್ಗನಹಳ್ಳಿಯ ಗೌಡರ ಮನೆಯವಳು, ಲಿಂಗ ಕಟ್ಟಿಕೊಂಡವಳಲ್ಲ. ಅವಳ ಕೈಗೆ ಕೊಡಲು ಮನಸ್ಸು ಬರುವುದಿಲ್ಲ, ನೀನು ಬೈಯಬೇಡ. ಈಗ ನಿನ್ನ ಬುಟ್ಟಿ ಇದೆಯಲ್ಲ. ಅಷ್ಟು ಎತ್ತರದಲ್ಲಿ ತೂಗುವುದನ್ನು ಯಾರು ತುಳಿಯುತ್ತಾರೆ? ಬೆಳಿಗ್ಗೆ ಪೂಜೆ ಮುಗಿಸಿ, ಸ್ಟೂಲು ಹತ್ತಿ, ಆ ತಂಬಿಗೆ ನೀರು ಪತ್ರೆಯ ಸಮೇತ ಅದಕ್ಕೇ ಹಾಕುತ್ತೇನೆ. ಗಿಡಕ್ಕೂ ಆಯಿತು, ಪುಣ್ಯಕ್ಕೂ ಆಯಿತು.

ಬೇರೆ ಏನು ಆರೈಕೆ ಬೇಕೋ ವಿವರವಾಗಿ ಬರೆ.

ನಿನ್ನ ಅಕ್ಕ,
ಜಗದಾಂಬಾ


ದಾವಣಗೆರೆ
2 ಫೆಬ್ರವರಿ 2025

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಆರಾಮ. ನೀನು ಬರೆದ ದೋಸೆಯ ವಿಷಯ ಹೇಳಿದರೆ ರೇವಂತ್ “ದೊಡ್ಡತ್ತೆಗೆ ಯಾರು ಚಾಡಿ ಹೇಳಿದ್ದು” ಎಂದು ವಚನಾಳ ಮುಖ ನೋಡಿದರು.

ಗಿಡದ ವಿಷಯ. ಬೆಳಗಿನ ಬಿಸಿಲು ಒಂದಿಷ್ಟು ಸಾಕು. ಮಧ್ಯಾಹ್ನದ ಬಿಸಿಲು ತಾಗಬಾರದು, ಕೊಕ್ಕೆಯ ಮುಂದೆ ಒಂದು ಬಿಳಿ ಪಂಚೆ ಇಳಿಬಿಡು. ಬಾಡಿದ ಹೂವನ್ನು ಹಿಂದಿನ ಕಾಯಿಯ ಸಮೇತ ಚಿವುಟಿಬಿಡು, ಇಲ್ಲದಿದ್ದರೆ ಕಾಯಿ ಕಟ್ಟುವುದರಲ್ಲೇ ಅದರ ಶಕ್ತಿ ಹೋಗುತ್ತದೆ. ಮುಖ್ಯವಾದದ್ದು ನೀರು. ಬಿಸಿಲು ಏರಿದಾಗ ಎಲೆ ಜೋತುಬೀಳುತ್ತದೆ. ನೋಡಿದವರಿಗೆ ಪಾಪ, ಬಾಯಾರಿದೆ ಅನ್ನಿಸುತ್ತದೆ. ಹಾಗಲ್ಲ. ಬುಟ್ಟಿಯನ್ನು ತಳದಿಂದ ಅಂಗೈಯಲ್ಲಿ ಎತ್ತಿ ನೋಡು. ಹಗುರವಿದ್ದರೆ ನೀರು ಕೊಡು, ಭಾರವಿದ್ದರೆ ಬೇಡ. ಸಂಜೆ ತಂಪಾದ ಮೇಲೆ ತಾನೇ ತಲೆಯೆತ್ತುತ್ತದೆ. “ಇದು ಒಣಗಿ ಸಾಯೋದು ಕಡಿಮೆ ಹೇಮಾ, ಪ್ರೀತಿ ಮಾಡೋರ ಕೈಲಿ ಮುಳುಗಿ ಸಾಯೋದೇ ಜಾಸ್ತಿ” ಅಂತಿದ್ದರು ನಮ್ಮ ಯಜಮಾನರು. ನಿನ್ನ ಪೂಜೆಯ ನೀರು ದಿನಕ್ಕೊಂದು ಸಲ ಚೂರು ಬಿದ್ದರೆ ಏನೂ ಆಗದು. ವಿಭೂತಿ ಮಾತ್ರ ಜಾಸ್ತಿ ಸೇರದಿರಲಿ, ಬೂದಿ ಅದಕ್ಕೆ ಆಗುವುದಿಲ್ಲ.

ಅಕ್ಕ, ಒಂದು ಆಸೆ. ಶ್ರಾವಣದಲ್ಲಿ ಅವರ ವರ್ಷದ ಸ್ಮರಣೆ. ಫೋಟೋಕ್ಕೆ ಅಂಗಡಿಯ ಹಾರ ಬೇಡ, ಆ ಹೂವೇ ಏರಿಸಬೇಕು. ಆ ಹೊತ್ತಿಗೆ ನಾನೇ ಬಂದು ಬಿಡಿಸಿಕೊಂಡು ಹೋಗುತ್ತೇನೆ. ಈ ಊರಿನ ಬಿಸಿಲಲ್ಲಿ ಅದು ಒಂದು ವಾರ ಬದುಕುವುದಿಲ್ಲ. ನಿನ್ನನ್ನೇ ನಂಬಿದ್ದೇನೆ.

ನಿನ್ನ,
ಹೇಮಾ


ಬಸವೇಶ್ವರನಗರ
6 ಮಾರ್ಚ್ 2025

ಪ್ರೀತಿಯ ಹೇಮಾ,

ನೀನು, ವಚನಾ, ರೇವಂತ್ ಕ್ಷೇಮವೆಂದು ನಂಬಿದ್ದೇನೆ. ಶಿವರಾತ್ರಿ ಆಯಿತು. ಉಪವಾಸವಿದ್ದೆ, ಏನೂ ಸುಸ್ತಾಗಲಿಲ್ಲ.

ಗಿಡಗಳಿಗೆ ಏನೋ ಆಗಿದೆ. ನೀನು ಹೇಳಿದಂತೆ ಪಂಚೆ ಕಟ್ಟಿದೆ, ಬಾಡಿದ ಹೂ ಚಿವುಟಿದೆ. ಆದರೂ ಎಲೆ ಹಳದಿಯಾಗಿ ಉದುರುತ್ತಿವೆ, ಮೊಗ್ಗು ಬಿಚ್ಚುವ ಮೊದಲೇ ಕಳಚಿ ಬೀಳುತ್ತಿದೆ. ಸಂಜೆಯಾದರೂ ಬಳ್ಳಿ ತಲೆಯೆತ್ತುವುದಿಲ್ಲ. ಬುಟ್ಟಿ ಎತ್ತಿ ನೋಡಿದರೆ ಹಿಟ್ಟಿನ ಡಬ್ಬದಷ್ಟು ಭಾರ. ತಳದ ತೆಂಗಿನ ನಾರಿನಿಂದ ನೀರು ತೊಟ್ಟಿಕ್ಕುತ್ತದೆ. ಮಣ್ಣಿನ ಮೇಲೆ ಬೆಳ್ಳಗೆ ಪೊರೆ. ಇದು ಬೋರ್‌ವೆಲ್ ನೀರಿನ ಉಪ್ಪೇ. ಯಾರೋ ನಲ್ಲಿಯಿಂದ ಹಿಡಿದು ಹಿಡಿದು ಹಾಕುತ್ತಿದ್ದಾರೆ. ನಾನು ಹಾಕುವುದು ಬೆಳಗಿನ ಒಂದು ತಂಬಿಗೆ, ಅಷ್ಟೇ.

ಮನೆಯಲ್ಲಿರುವುದು ಮೂವರು. ಚನ್ನು ಬಾಲ್ಕನಿಗೆ ಕಾಲಿಡುವುದಿಲ್ಲ. ಕವನಾಳನ್ನು ಕೇಳಿದೆ.

“ನೀನು ನೀರು ಹಾಕ್ತಿದೀಯೇನೇ?”

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆ ಕಡೆ ತಿರುಗಿ, “ಹೂಂ ಅತ್ತೆ, ನಾನೇ ಹಾಕ್ದೆ. ಇನ್ಮೇಲೆ ಹಾಕಲ್ಲ” ಅಂದಳು.

ನೋಡು, ಒಪ್ಪಿಕೊಂಡಳು. ಆದರೂ ಮರುದಿನ ಬುಟ್ಟಿ ಮತ್ತೆ ಒದ್ದೆ. ಬೇಡ ಅಂದಮೇಲೂ ಹಾಕುವುದೆಂದರೆ ಏನರ್ಥ? ಇದು ನನ್ನ ತಂಗಿಯ ಗಂಡನ ಗಿಡವೆಂದು ಅವಳಿಗೆ ಗೊತ್ತು.

ಕಾಲವೇ ಹೀಗಾಗಿದೆ. ಹಾವನೂರು ಸರ್ಕಲ್ಲಿನ ಪತ್ರೆಯವಳೂ ಕಟ್ಟು ಚಿಕ್ಕದು ಮಾಡಿದ್ದಾಳೆ. ವಾರವೆಲ್ಲ ಬರುತ್ತಿದ್ದ ಬಿಲ್ವಪತ್ರೆ ಈಗ ಎರಡು ದಿನಕ್ಕೆ ಖಾಲಿ. ಕೇಳಿದರೆ “ಅದೇ ಕಟ್ಟು ಕಣಮ್ಮ, ನೀವೇನು ಪತ್ರೆ ಸಾರು ಮಾಡ್ಕೊಂಡು ಉಣ್ತೀರಾ?” ಅಂತಾಳೆ.

ಏನು ಮಾಡಲಿ, ತಕ್ಷಣ ಬರೆ.

ನಿನ್ನ ಅಕ್ಕ,
ಜಗದಾಂಬಾ


ದಾವಣಗೆರೆ
14 ಮಾರ್ಚ್ 2025

ಅಕ್ಕ,

ಬುಟ್ಟಿಗಳನ್ನು ಓರೆ ಮಾಡಿ ನೀರೆಲ್ಲ ಬಸಿದುಬಿಡು. ಮೇಲಿನ ಬಿಳಿ ಪೊರೆ ಕೆರೆದು ತೆಗೆ. ಮಣ್ಣು ಆರುವವರೆಗೆ ಒಂದು ಹನಿಯೂ ಬೇಡ, ಪೂಜೆಯ ನೀರೂ ಬೇಡ.

ಕವನಾಳನ್ನು ಏನೂ ಅನ್ನಬೇಡ. ಅವಳು ಹಾಗೆ ಮಾಡುವವಳಲ್ಲ. ನಾನು ಬುಟ್ಟಿ ಇಳಿಸಿಹೋದ ದಿನ, ಬಳ್ಳಿ ಮುರಿಯದಿರಲೆಂದು ಕೆಳಗಿನಿಂದ ಮಹಡಿಯವರೆಗೂ ಮಗುವನ್ನು ಹಿಡಿದ ಹಾಗೆ ಎದೆಗೊತ್ತಿ ಹಿಡಿದು ತಂದವಳು ಅವಳು. ಯಾಕೆ ಹಾಗೆ ಒಪ್ಪಿಕೊಂಡಳೋ ನನಗೆ ತಿಳಿಯುತ್ತಿಲ್ಲ.

ನಿನಗೆ ನಿದ್ದೆ ಸರಿ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಗಿಡದ್ದಲ್ಲ, ನಿನ್ನದು ಬರೆ.

ಹೇಮಾ


ಬಸವೇಶ್ವರನಗರ
3 ಏಪ್ರಿಲ್ 2025

ಚಿ.ಸೌ. ಹೇಮಶ್ರೀಗೆ ಅಕ್ಕನ ಆಶೀರ್ವಾದಗಳು.

ನೀನು ಹೇಗಿದ್ದೀಯ? ವಚನಾ ಹೇಗಿದ್ದಾಳೆ? ಗಿರಿರಾಜ್ ಅವರ ಕೆಮ್ಮು ಹೇಗಿದೆ? ಕೂನೂರಿನ ಚಳಿಯಲ್ಲಿ ಬೆಳಗಾಗೆದ್ದು ಹೊರಗೆ ನಿಂತು ಬುಟ್ಟಿಗಳಿಗೆ ಕೈ ಹಾಕುವುದು ಬೇಡವೆಂದು ನಾನು ಹೇಳಿದೆನೆಂದು ಹೇಳು. ಮಫ್ಲರ್ ಸುತ್ತಿಕೊಳ್ಳಲಿ.

ಯುಗಾದಿ ಹಬ್ಬ ಹಬ್ಬದಂತಿರಲಿಲ್ಲ. ಒಂದು ಬುಟ್ಟಿ ಹೋಯಿತು ಹೇಮಾ. ಕಾಂಡ ಹಿಡಿದರೆ ಬೆಂದ ಬದನೆಕಾಯಿಯಂತೆ ಕೈಗೇ ಬಂತು. ಬುಡದಲ್ಲಿ ಕೊಳೆತ ವಾಸನೆ. ಅಲ್ಲೇ ಕೂತುಬಿಟ್ಟೆ. ಅಡುಗೆಮನೆಯಿಂದ ಕವನಾ ಬಂದಳು. ನನ್ನ ಬಾಯಿಂದ ಏನು ಬಂತೋ ಬಂದೇಬಿಟ್ಟಿತು.

“ನಿಮ್ಮಪ್ಪನ ಗದ್ದೆಗೆ ನೀರು ಬಿಟ್ಟ ಹಾಗೆ ಬಿಟ್ಟಿದೀಯಲ್ಲೇ. ಯಾವ ಜನ್ಮದ ಸಿಟ್ಟು ತೀರಿಸ್ಕೊಳ್ತಿದೀಯ? ಪೂಜೆ ಗೊತ್ತಿಲ್ಲದ ಮನೆಯವಳು ನೀನು, ನಿನಗೇನು ಗೊತ್ತು ಒಂದು ಜೀವದ ಬೆಲೆ?”

“ನಮ್ಮಪ್ಪ ಗದ್ದೆ ಮಾರಿ ನಾನು ಹುಟ್ಟೋಕೆ ಮುಂಚೇನೇ ಆಯ್ತು ಅತ್ತೆ,” ಅಂದಳು. ಅಷ್ಟೇ. ಜಗಳಕ್ಕೂ ಬರಲಿಲ್ಲ. ಸಂಜೆ ಅವಳ ತಾಯಿ ಲಿಂಗಮ್ಮನ ಮನೆಗೆ, ಹೆಗ್ಗನಹಳ್ಳಿಗೆ ಹೊರಟುಹೋದಳು. ಚನ್ನು ನನ್ನೊಡನೆ ಮಾತು ಬಿಟ್ಟಿದ್ದಾನೆ. ತಟ್ಟೆ ತಾನೇ ಹಾಕಿಕೊಂಡು ಉಂಡು, ತಾನೇ ತೊಳೆದಿಟ್ಟು ಹೋಗುತ್ತಾನೆ.

ಇನ್ನೊಂದು ಬುಟ್ಟಿಯಾದರೂ ಉಳಿಯುತ್ತದೆಂದುಕೊಂಡೆ. ಅವಳು ಹೋದ ಮೇಲೂ ಅದು ಒದ್ದೆಯಾಗುತ್ತಿದೆ. ಬೆಳಿಗ್ಗೆ ನೋಡಿದರೆ ಒದ್ದೆ, ಮಧ್ಯಾಹ್ನ ಇನ್ನೂ ಒದ್ದೆ. ಅವಳ ಹತ್ತಿರ ಇನ್ನೊಂದು ಬೀಗದ ಕೈ ಇದೆ. ನಾನು ಹಗಲು ಮಲಗಿದಾಗ ಬಂದು ಹಾಕಿ ಹೋಗುತ್ತಾಳೆ. ಚನ್ನುಗೆ ಹೇಳಿದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಯಾರೂ ನನ್ನನ್ನು ನಂಬುವುದಿಲ್ಲ. ಈಗ ಬಾಲ್ಕನಿಯ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಅಲ್ಲೇ ಕೂರುತ್ತೇನೆ. ಎದ್ದು ಪೂಜೆಗೆ ಹೋಗಿ ಬರುವಷ್ಟರಲ್ಲಿ ಹಾಕಿಬಿಟ್ಟಿರುತ್ತಾಳೆ.

ನಿನಗೊಂದು ವಿಷಯ ಹೇಳಿರಲಿಲ್ಲ. ಹಾವನೂರು ಸರ್ಕಲ್ಲಿನ ಪತ್ರೆಯವಳು ಕಟ್ಟು ಚಿಕ್ಕದು ಮಾಡಿದ್ದಾಳೆ. ವಾರವೆಲ್ಲ ಬರುತ್ತಿದ್ದ ಬಿಲ್ವಪತ್ರೆ ಈಗ ಎರಡು ದಿನಕ್ಕೆ ಖಾಲಿ. ಕೇಳಿದರೆ ನೀವೇನು ಪತ್ರೆ ಸಾರು ಮಾಡಿಕೊಂಡು ಉಣ್ಣುತ್ತೀರಾ ಅಂತಾಳೆ.

ಗಿರಿರಾಜ್ ಅವರನ್ನೇ ಕೇಳಿ ಬರೆ, ಬುಡ ಕೊಳೆಯಲು ಶುರುವಾದ ಗಿಡವನ್ನು ಉಳಿಸುವುದು ಹೇಗೆ. ಅವರಿಗೆ ಗೊತ್ತಿರುತ್ತದೆ.

ಜಗದಾಂಬಾ


ದಾವಣಗೆರೆ
9 ಏಪ್ರಿಲ್ 2025

ಅಕ್ಕ,

ನಿನ್ನ ಕಾಗದ ಬಂದ ದಿನ ಬರೆಯಲು ಕೂತು ಎದ್ದೆ. ಇವತ್ತು ಬರೆದೇ ತೀರಬೇಕು.

ಮೇಲೆ ‘ಚಿ.ಸೌ.’ ಎಂದಿತ್ತು. ಜನವರಿಯಲ್ಲಿ ನಿನ್ನ ಕೈಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು, ಹಾಳೆ ಹರಿದಿದ್ದೆ. ಈ ಸಲ ಹರಿಯಲಿಲ್ಲ.

ಅವರು ಇಲ್ಲ ಅಕ್ಕ. ಹೋದ ಶ್ರಾವಣದಲ್ಲಿ ಹೋದರು. ನೀನು ರಾತ್ರಿ ಬಸ್ಸಿಗೆ ಬಂದು ನನ್ನ ಪಕ್ಕದಲ್ಲಿ ಕೂತಿದ್ದೆ. ಅವರ ಹಣೆಗೆ ಕೊನೆಯ ವಿಭೂತಿ ಹಚ್ಚಿದ ಕೈ ನಿನ್ನದೇ. ಇದನ್ನು ನಿನಗೆ ನಾನು ಹೇಳಬೇಕಾಗಿ ಬಂತಲ್ಲ.

ಪತ್ರೆಯವಳ ಮಾತು ನೀನು ಮಾರ್ಚಿನಲ್ಲೇ ಬರೆದಿದ್ದೆ. ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಭಯವಾಗುತ್ತಿದೆ.

ಒಂದು ಕೆಲಸ ಮಾಡು. ಚನ್ನು ಮನೆಯಲ್ಲಿರುವಾಗ ಆ ಬುಟ್ಟಿಯನ್ನು ಕೆಳಗಿಳಿಸಲು ಹೇಳು. ನೀನು ಯಾವಾಗಲೂ ಅದನ್ನು ಕೆಳಗೆ ನಿಂತು ನೋಡಿದ್ದೀಯ, ಇಲ್ಲ ಸ್ಟೂಲು ಹತ್ತಿ ಅವಸರದಲ್ಲಿ. ಒಂದು ಸಲ ನೆಲದ ಮೇಲಿಟ್ಟು, ಮಣ್ಣಿನ ಮೇಲೆ ಏನಿದೆ ಎಂದು ಕೈಯಲ್ಲಿ ಬಿಡಿಸಿ ನೋಡು. ನೋಡಿದ್ದನ್ನು ಆಗಲೇ ನನಗೆ ಬರೆ. ನಾಳೆಗಿಡಬೇಡ.

ಏನೇ ಸಿಕ್ಕರೂ ನೀನು ನನ್ನ ಅಕ್ಕನೇ.

ಹೇಮಾ


ಬಸವೇಶ್ವರನಗರ
24 ಏಪ್ರಿಲ್ 2025

ಹೇಮಾ,

ಈ ಸಲ ಯಾರ ಆರೋಗ್ಯವನ್ನೂ ಕೇಳುವುದಿಲ್ಲ. ಕೇಳಲು ಹೆದರಿಕೆ.

ನಿನ್ನ ಕಾಗದ ಓದಿದಾಗ ಗಿರಿರಾಜ್ ನನ್ನ ಪಾಲಿಗೆ ಆಗಷ್ಟೇ ಹೋದರು. ಅತ್ತುಬಿಟ್ಟೆ. ಅಳುತ್ತಾ ಅಳುತ್ತಾ ಬಸ್ಸು ನೆನಪಾಯಿತು, ನಿನ್ನ ಒದ್ದೆ ಕೈ ನೆನಪಾಯಿತು. ಎಲ್ಲ ಇತ್ತು ಕಣೇ ಒಳಗೆ. ಎಲ್ಲಿಗೆ ಹೋಗಿತ್ತೋ.

ಭಾನುವಾರ ಚನ್ನು ಬುಟ್ಟಿ ಇಳಿಸಿದ. ನಾನು ಕೈ ಹಾಕಿದೆ. ಮೇಲೆ ಬಿಲ್ವಪತ್ರೆ. ಹಸಿರು, ಅವತ್ತಿನದೇ, ಇನ್ನೂ ಬಾಡದ್ದು. ಒಂದು ಪೂಜೆಗೆ ನಾನು ಏರಿಸುವುದು ಒಂದೇ ದಳ. ಅಲ್ಲಿ ಅದೆಷ್ಟೋ ಇದ್ದವು. ಅದರ ಕೆಳಗೆ ಕಂದು ಪತ್ರೆ, ಇನ್ನೂ ಕೆಳಗೆ ಕಪ್ಪಾಗಿ ಕೊಳೆತದ್ದು. ನಡುನಡುವೆ ಬೆಳ್ಳಗೆ ಗಟ್ಟಿಯಾದ ಪೊರೆ. ಉಪ್ಪಲ್ಲ. ಉಜ್ಜಿದರೆ ವಿಭೂತಿಯ ವಾಸನೆ. ಈ ಮನೆಯಲ್ಲಿ ಲಿಂಗಪೂಜೆ ಮಾಡುವವಳು ನಾನೊಬ್ಬಳೇ.

ಅವತ್ತು ನಾನು ಪೂಜೆ ಮಾಡಿದ್ದು ಒಂದೇ ಸಲವೆಂದು ನನಗೆ ಖಂಡಿತ ನೆನಪು. ಈಗಲೂ ನೆನಪು. ಬುಟ್ಟಿ ಬೇರೆ ಹೇಳುತ್ತಿದೆ. ಮಾಡಿದ್ದನ್ನು ಮರೆತು ಮತ್ತೆ ಸ್ನಾನ, ಮತ್ತೆ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುವುದು, ಮತ್ತೆ ಆ ನೀರನ್ನು ಯಾರ ಕಾಲೂ ತಾಗದ ಕಡೆ ಒಯ್ಯುವುದು. ಅವ್ವ ಹೇಳಿಕೊಟ್ಟದ್ದೊಂದನ್ನೂ ತಪ್ಪಿಸಿಲ್ಲ. ಹಾಗೆಯೇ ಮುಳುಗಿಸಿಬಿಟ್ಟೆ.

ಚನ್ನುಗೆ ಹೇಳಿದೆ, “ಹೆಗ್ಗನಹಳ್ಳಿಗೆ ಕರ್ಕೊಂಡು ಹೋಗು, ನಾನೇ ಅವಳ ಕಾಲು ಹಿಡೀತೀನಿ.” ಅವನು ಫೋನು ಮಾಡಿದ. ನಾನು ಸೀರೆ ಬದಲಿಸುವಷ್ಟರಲ್ಲಿ ಕವನಾಳೇ ಆಟೋದಲ್ಲಿ ಬಂದಿಳಿದಳು. ಬುಟ್ಟಿಯ ಪಕ್ಕ ನನ್ನೊಡನೆ ನೆಲಕ್ಕೇ ಕೂತಳು.

“ನಿನಗೆ ಗೊತ್ತಿತ್ತೇನೇ?”

“ಹೂಂ ಅತ್ತೆ.”

“ನನಗ್ಯಾಕೆ ಹೇಳ್ಲಿಲ್ಲ? ಅಷ್ಟೆಲ್ಲ ಅನ್ನಿಸ್ಕೊಂಡು ಯಾಕೆ ಸುಮ್ನಿದ್ದೆ?”

ಅವಳು ಚನ್ನುವಿನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ.

“ಹೇಳಿದ್ದೆ ಅತ್ತೆ. ಶಿವರಾತ್ರಿ ಮಾರನೇ ದಿನಾನೇ ಹೇಳಿದ್ದೆ. ಹೀಗೇ ಬುಟ್ಟಿ ಕೆಳಗಿಳಿಸಿ ತೋರಿಸ್ದೆ. ತುಂಬಾ ಅತ್ತ್ರಿ. ಎರಡು ದಿನಕ್ಕೆ ಮರೆತ್ರಿ. ಮತ್ತೆ ಹೇಳ್ದೆ, ಮತ್ತೆ ಮೊದಲನೇ ಸಲ ಕೇಳ್ದೋರ ಥರಾನೇ ಅತ್ತ್ರಿ. ಇನ್ನೊಂದು ಸಲ ಅಳಿಸೋಕೆ ನನ್ ಕೈಲಾಗ್ಲಿಲ್ಲ. ಅದಕ್ಕೇ ನೀವು ಕೇಳ್ದಾಗ ನಾನೇ ಹಾಕ್ದೆ ಅಂದ್ಬಿಟ್ಟೆ. ನೀವು ಮಲಗಿದ್ಮೇಲೆ ನೀರು ಬಸಿದು ಇಡ್ತಿದ್ದೆ. ನಾನು ಹೋದ್ಮೇಲೆ ಬಸಿಯೋರು ಇರ್ಲಿಲ್ಲ.”

ಕೇಳಿದೆಯಾ ಹೇಮಾ? ಕದ್ದು ನೀರು ಹಾಕುವವಳೆಂದು ನಾನು ಬಾಗಿಲಿಗೆ ಕುರ್ಚಿ ಒತ್ತಿ ಕಾಯುತ್ತಿದ್ದೆನಲ್ಲ, ಅವಳು ಕದ್ದು ನೀರು ತೆಗೆಯುತ್ತಿದ್ದವಳು. ಅವಳು ಹೇಳಿದ ಆ ಎರಡು ದಿನವೂ ನನ್ನಲ್ಲಿಲ್ಲ. ಹುಡುಕಿದೆ. ಇಲ್ಲವೇ ಇಲ್ಲ. ಈ ಭಾನುವಾರವೂ ಹಾಗೆ ಹೋಗುತ್ತದೆ. ಹೋಗುವ ಮೊದಲೆಂದು ಅವತ್ತೇ ಬರೆಯಲು ಕೂತೆ, ದಿನಾ ಮೊದಲಿನಿಂದ ಓದಿಕೊಂಡು ಮುಂದುವರಿಸುತ್ತಿದ್ದೇನೆ.

ಗಿಡದ ಬೇರೆಲ್ಲ ಕಂದು, ಎಳೆದರೆ ಸಿಪ್ಪೆ ಸುಲಿಯುತ್ತದೆ. ಇನ್ನು ಅದು ಉಳಿಯುವುದಿಲ್ಲ. ತುದಿಯಲ್ಲಿ ಒಂದಿಷ್ಟು ಹಸಿರಿತ್ತು. ಗೆಣ್ಣಿನ ಕೆಳಗೆ ಕತ್ತರಿಸಿ, ಮೊಸರಿನ ಡಬ್ಬಿಗಳಲ್ಲಿ ಮರಳು ತುಂಬಿ ಕವನಾ ನೆಟ್ಟಿದ್ದಾಳೆ. ಮನೆಯಲ್ಲಿ ತಂಪೆಂದರೆ ಅವರಿಬ್ಬರ ಬಾತ್‌ರೂಮಿನ ಕಿಟಕಿಯೊಂದೇ, ಅಲ್ಲಿಟ್ಟಿದ್ದಾಳೆ. ಈ ಬಿಸಿಲಿಗೆ ಹತ್ತುವುದು ಕಷ್ಟವೆಂದು ನೀನು ಹೇಳದಿದ್ದರೂ ನನಗೆ ಗೊತ್ತು. “ಆ ಬಾಗಿಲಿಗೆ ಬೀಗ ಹಾಕು, ನಾನು ಎಷ್ಟು ಬೇಡಿದರೂ ಬೀಗದ ಕೈ ಕೊಡಬೇಡ” ಅಂದೆ. “ಬಾತ್‌ರೂಮಿಗೆ ಬೀಗ ಹಾಕಿದ್ರೆ ನಿಮ್ಮ ಮಗ ಎಲ್ಲಿಗೆ ಹೋಗ್ತಾರೆ ಅತ್ತೆ?” ಅಂದಳು. ಮೂವರೂ ನಕ್ಕೆವು. ನಗುತ್ತಲೇ ಚನ್ನು ಎದ್ದು ಒಳಗೆ ಹೋದ, ಬಹಳ ಹೊತ್ತು ಬರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಿದ್ದಾನೆ. ಮಾತ್ರೆ ಕೊಟ್ಟಿದ್ದಾರೆ. ಹೋದದ್ದನ್ನು ತರುವ ಮಾತ್ರೆಯಲ್ಲವಂತೆ.

ಪೂಜೆ ಬಿಡಲಾರೆ. ಪೂಜೆಯ ನೀರನ್ನು ಈಗ ಕವನಾಳ ಕೈಗೇ ಕೊಡುತ್ತೇನೆ. ಎರಡೂ ಕೈ ಒಡ್ಡಿ ತೆಗೆದುಕೊಂಡು ಪಾರ್ಕಿನ ಮರಕ್ಕೆ ಹಾಕಿ ಬರುತ್ತಾಳೆ. ಎಷ್ಟನೇ ಸಲ ಕೊಟ್ಟರೂ ಎಷ್ಟನೇ ಸಲವೆಂದು ಹೇಳುವುದಿಲ್ಲ.

ಶ್ರಾವಣದಲ್ಲಿ ಬರುತ್ತೇನೆಂದಿದ್ದೆ. ಹೂವಿಲ್ಲ ಹೇಮಾ. ನೀನು ನಂಬಿ ಬಿಟ್ಟುಹೋದದ್ದು ನನ್ನ ಕೈಲೇ ಹೋಯಿತು. ಕ್ಷಮಿಸು ಎಂದು ಇವತ್ತು ಕೇಳುತ್ತಿದ್ದೇನೆ. ನಾಳೆ ಯಾವುದಕ್ಕೆಂದು ನನಗೆ ಗೊತ್ತಿರುವುದಿಲ್ಲವೇನೋ, ನೀನು ಇಟ್ಟುಕೊಂಡಿರು.

ಎರಡು ಮಾತು ನಡೆಸಿಕೊಡು. ಇನ್ನು ಮೇಲೆ ನಾನು ಕವನಾಳ ಮೇಲೆ ದೂರು ಬರೆದರೆ ನಂಬಬೇಡ. ಎಷ್ಟೇ ಆಣೆ ಇಟ್ಟು ಬರೆದರೂ ನಂಬಬೇಡ. ಈ ಕಾಗದವನ್ನೇ ನನಗೆ ವಾಪಸು ಕಳಿಸು. ಬೇರೆಯವರು ಹೇಳಿದರೆ ಜಗಳಕ್ಕೆ ನಿಂತೇನು, ನನ್ನ ಕೈಬರಹದ ಮುಂದೆ ನಿಲ್ಲಲಾರೆ. ಓದಿ ಅಳುತ್ತೇನೆ. ಅತ್ತರೂ ಸರಿ, ಬಿಡು. ಅವಳು ಅನ್ನಿಸಿಕೊಳ್ಳುವುದಕ್ಕಿಂತ ನಾನು ಅಳುವುದು ಮೇಲು.

ಇನ್ನೊಂದು. ಇಷ್ಟು ವರ್ಷ ನನ್ನ ಕಾಗದ ಎಲ್ಲರ ಹೆಸರು ಹಿಡಿದು ಕೇಳಿಕೊಂಡೇ ಶುರುವಾಗುತ್ತಿತ್ತು. ಇನ್ನು ಮೇಲೆ ನೀನು ಬರೆಯುವಾಗ ಮೊದಲ ಸಾಲಿನಲ್ಲೇ ತಿಳಿಸಿಬಿಡು, ಯಾರು ಇದ್ದಾರೆ, ಯಾರು ಹೋದರು. ಅವ್ವನಿಂದ ಶುರು ಮಾಡು. ಗಿರಿರಾಜ್ ಅವರದ್ದು ನಿನ್ನ ಕೈಯಿಂದ ಬರೆಸುವುದು ಪಾಪವೆಂದು ಗೊತ್ತು, ವಚನಾಳ ಕೈಲಿ ಬರೆಸು. ಇರುವವರಲ್ಲಿ ನಿನ್ನ ಹೆಸರನ್ನು ದಪ್ಪಗೆ ಬರೆ.

ಬೇಗ ಬರೆ ಹೇಮಾ. ಕವರು ಒಡೆದಾಗ, ಇದು ನನ್ನ ತಂಗಿಯ ಅಕ್ಷರವೆಂದು ನನಗೆ ಯಾರೂ ಹೇಳಿಕೊಡಬೇಕಾಗಿ ಬರುವ ಮೊದಲೇ ಬರೆ.

ನಿನ್ನ ಅಕ್ಕ,
ಜಗದಾಂಬಾ